ಅಕಾಬಾದ ಗಾಜಿನ ತಳದ ದೋಣಿ: ಹವಳಕ್ಕೆ ಐದು ಸ್ಟಾರ್, ವಿವರಣೆಗೆ ಎರಡು

ಜೆದ್ದಾದಲ್ಲಿ ಕೆಲಸ ಮಾಡುವ ನಮಗೆ ಕೆಂಪು ಸಮುದ್ರ ಹೊಸದೇನಲ್ಲ. ಆದರೂ ಅದರ ಉತ್ತರ ತುದಿಯಲ್ಲಿರುವ ಜೋರ್ಡಾನಿನ ಅಕಾಬಾಕ್ಕೆ ಹೋದಾಗ ಮಕ್ಕಳ ಹಟಕ್ಕೆ ಈ ದೋಣಿ ಹತ್ತಿದೆವು. ಈಜು ಬಾರದ ನಮ್ಮ ಅತ್ತೆಯೂ ಹವಳ ನೋಡಿದರು, ಅಷ್ಟರ ಮಟ್ಟಿಗೆ ದುಡ್ಡು ದಂಡವಾಗಲಿಲ್ಲ. ಹೇಳಿದ ರೇಟಿಗೆ ಒಪ್ಪಬೇಡಿ, ಚೌಕಾಸಿ ನಡೆಯುತ್ತದೆ. ಬೆಳಿಗ್ಗೆಯೇ ಹೋಗಿ, ಉತ್ತರದ ಗಾಳಿ ಎದ್ದರೆ ಹೊಟ್ಟೆ ತೊಳಸುತ್ತದೆ. ಗಾಜಿನ ತುಂಬ ಗೀರು. ಮುಳುಗಿಸಿಟ್ಟ ಮಿಲಿಟರಿ ಟ್ಯಾಂಕ್ ಮಾತ್ರ ಚೆನ್ನಾಗಿ ಕಾಣುತ್ತದೆ.

ನನ್ನ ತಕರಾರು ವಿವರಣೆಯ ಬಗ್ಗೆ. "ಹಿಮಯುಗದಲ್ಲಿ ಈ ಸಮುದ್ರ ಪೂರ್ತಿ ಒಣಗಿತ್ತು" ಎಂದುಬಿಟ್ಟ ದೋಣಿಯವ. ಒಣಗಿದ್ದು ಪರ್ಷಿಯನ್ ಕೊಲ್ಲಿ ಮಾರಾಯ್ರೆ, ಇದಲ್ಲ! ಸುಮಾರು 20,000 ವರ್ಷಗಳ ಹಿಂದೆ ಸಾಗರಮಟ್ಟ 120 ಮೀಟರಿನಷ್ಟು ಇಳಿದಿತ್ತು. ಕೆಂಪು ಸಮುದ್ರದ ದಕ್ಷಿಣ ಬಾಗಿಲಲ್ಲಿ, ಹನೀಶ್ ದ್ವೀಪಗಳ ಹತ್ತಿರ, ಈಗ 137 ಮೀಟರ್ ಆಳದಲ್ಲಿ ಒಂದು ದಿಬ್ಬವಿದೆ. ಅಂದು ಅದರ ಮೇಲೆ ಉಳಿದದ್ದು ಅಷ್ಟಿಷ್ಟು ನೀರು. ಹೊರಗಿನ ನೀರು ಬರುವುದು ಕಡಿಮೆ, ಬಿಸಿಲಿಗೆ ಆವಿಯಾಗುವುದು ನಿಲ್ಲುವುದಿಲ್ಲ. ಇಂದು ಲೀಟರಿಗೆ 40 ಗ್ರಾಂ ಆಸುಪಾಸಿನ ಉಪ್ಪು ಅಂದು 50 ದಾಟಿತು. ತೇಲುವ ಸೂಕ್ಷ್ಮಜೀವಿಗಳ ಚಿಪ್ಪುಗಳು ಆ ಕಾಲದ ಕೆಸರಿನ ಪದರಗಳಲ್ಲಿ ಬಹುತೇಕ ಕಡೆ ಸಿಗುವುದೇ ಇಲ್ಲ. ಇಲ್ಲಿ ಬಿಟ್ಟರೆ ಹೊರಗೆ ಕಾಣದ ಮೀನುಗಳು ಆ ಉಪ್ಪಿನಲ್ಲೇ ಎಲ್ಲೋ ತಾಳಿಕೊಂಡವೋ, ದಕ್ಷಿಣ ಬಾಗಿಲಾಚೆಯ ಏಡನ್ ಕೊಲ್ಲಿಗೆ ಹೋಗಿ ಮರಳಿದವೋ, ವಿಜ್ಞಾನಿಗಳ ಜಗಳ ಮುಗಿದಿಲ್ಲ.

ಹಿಮ ಕರಗಿ ನೀರು ಏರಿದಾಗ ಹವಳದ ಮರಿಗಳು ದಕ್ಷಿಣದಿಂದಲೇ ಒಳಬರಬೇಕಿತ್ತು. ಆ ಕಡೆಯ ನೀರೇ ಅತಿ ಬಿಸಿ. ಆ ಕಾವಲನ್ನು ದಾಟಿದವಷ್ಟೇ ಉತ್ತರಕ್ಕೆ ತಲುಪಿದವು ಎಂಬುದು ಈಗಿನ ಮುಖ್ಯ ವಿವರಣೆ. ಹಾಗಾಗಿ ಬೇಸಿಗೆಯಲ್ಲೂ 27 ಡಿಗ್ರಿ ಆಸುಪಾಸು ಇರುವ ಅಕಾಬಾದಲ್ಲಿ ಕೂತ ಈ ಹವಳಗಳು, ಪ್ರಯೋಗದ ತೊಟ್ಟಿಯಲ್ಲಿ ಅದಕ್ಕಿಂತ ಹಲವು ಡಿಗ್ರಿ ಹೆಚ್ಚು ಶಾಖವನ್ನೂ ತಡೆದುಕೊಂಡಿವೆ. ಕಾಲಡಿಯಲ್ಲೇ ಇಂಥ ಕಥೆ ಇಟ್ಟುಕೊಂಡು ಆಸಾಮಿ ದಾರಿಯುದ್ದಕ್ಕೂ ಕಾರ್ಟೂನ್ ಸಿನಿಮಾದ ಮೀನಿನ ಹೆಸರು ಹಿಡಿದು "ನೀಮೋ, ನೀಮೋ" ಅಂತ ಕೂಗಿದ್ದೇ ಕೂಗಿದ್ದು.

ಹಿರಿಯರು, ಚಿಕ್ಕಮಕ್ಕಳು ಜೊತೆಗಿದ್ದರೆ ದೋಣಿಯೇ ಸರಿ. ಈಜು ಬರುವವರು ಮಾಸ್ಕ್ ಬಾಡಿಗೆಗೆ ತಗೊಂಡು ದಕ್ಷಿಣ ತೀರದ ಜಪಾನೀಸ್ ಗಾರ್ಡನ್‌ನಲ್ಲಿ ಇಳಿಯಿರಿ, ದಡದ ಹತ್ತಿರವೇ ಹವಳ ಶುರುವಾಗುತ್ತದೆ. ದಯವಿಟ್ಟು ಅದರ ಮೇಲೆ ಕಾಲಿಡಬೇಡಿ.