ಡಕ್ ಸ್ಟ್ಯಾಂಪ್ ರಿವ್ಯೂ: ಬೇಟೆ ಆಡದೇ ಇರೋರೂ 25 ಡಾಲರ್ ಕೊಟ್ಟು ಯಾಕೆ ತಗೋಬೇಕು

ಅಮೆರಿಕದಲ್ಲಿರೋ ನಮ್ಮೋರು ಹಕ್ಕಿ ಫೋಟೋ ತೆಗೆಯೋಕೆ ಲೆನ್ಸ್ ಮೇಲೆ ಎಷ್ಟು ಬೇಕಾದ್ರೂ ಸುರೀತಾರೆ, ಆದ್ರೆ ನೀರುಹಕ್ಕಿಗಳ ಜಾಗ ಉಳಿಸೋಕೆ ಅಮೆರಿಕ ಸರ್ಕಾರ ಪ್ರತಿ ವರ್ಷ ಮಾರೋ ಡಕ್ ಸ್ಟ್ಯಾಂಪ್ ತಗೊಳ್ರಿ ಅಂದ್ರೆ "ಅದು ಬೇಟೆಯವರದ್ದಲ್ವಾ" ಅಂತ ಮುಂದಕ್ಕೆ ಹೋಗ್ಬಿಡ್ತಾರೆ. ಬೇಟೆಯವರಿಗೆ ಕಡ್ಡಾಯ ಅನ್ನೋದು ನಿಜಾನೇ, 16 ವರ್ಷ ತುಂಬಿದವರು ಬಾತುಕೋಳಿ, ಹೆಬ್ಬಾತು ಹೊಡೀಬೇಕು ಅಂದ್ರೆ ಇದು ಇರ್ಲೇಬೇಕು. ಆದ್ರೆ ಮಾರೋದು ಎಲ್ರಿಗೂ. ನಾನು ಬಂದೂಕು ಮುಟ್ಟೋನಲ್ಲ, ಆದ್ರೂ ವರ್ಷ ವರ್ಷ ತಗೋತೀನಿ.

ವಸ್ತು ನೋಡೋಕೆ ಒಂದು ಪುಟ್ಟ ಸ್ಟ್ಯಾಂಪ್ ಅಷ್ಟೇ, ಕಾಗದಕ್ಕೆ ಅಂಟಿಸಿ ಪೋಸ್ಟ್ ಮಾಡೋಕೂ ಬರಲ್ಲ. ಚಿತ್ರ ಮಾತ್ರ ಸಖತ್ತಾಗಿರುತ್ತೆ, ಪ್ರತಿ ವರ್ಷ ಇದಕ್ಕೇ ಅಂತ ಸರ್ಕಾರ ಸ್ಪರ್ಧೆ ಇಡುತ್ತೆ, ಗೆದ್ದವರಿಗೆ ಸರ್ಕಾರದಿಂದ ನಗದು ಬಹುಮಾನ ಇಲ್ಲ, ಸ್ಟ್ಯಾಂಪಿನ ಒಂದು ಹಾಳೆ ಕೊಡ್ತಾರೆ. ಅದಕ್ಕೂ ದೇಶದ ಒಳ್ಳೊಳ್ಳೆ ಕಲಾವಿದರು ಪೈಪೋಟಿ ಮಾಡ್ತಾರೆ. ಒಂದು ಸ್ಟ್ಯಾಂಪ್ ಜುಲೈ 1ರಿಂದ ಮುಂದಿನ ಜೂನ್ 30ರ ತನಕ ನಡಿಯುತ್ತೆ, ಎಂಟ್ರಿ ಫೀ ಇರೋ, ಸರ್ಕಾರ ಕಾಡುಪ್ರಾಣಿ-ಪಕ್ಷಿಗಳಿಗೆ ಅಂತ ಕಾಯ್ದಿಟ್ಟಿರೋ ನ್ಯಾಷನಲ್ ವೈಲ್ಡ್‌ಲೈಫ್ ರೆಫ್ಯೂಜ್‌ಗಳಿಗೆ ಇದೇ ಪಾಸ್.

ಆದ್ರೆ ನಾನು ತಗೊಳ್ಳೋದು ಪಾಸ್‌ಗೋಸ್ಕರ ಅಲ್ಲ. ಕೊಟ್ಟ ಪ್ರತಿ ಡಾಲರಲ್ಲಿ 98 ಸೆಂಟ್ ಜೌಗು ಭೂಮಿ ಉಳಿಸೋ ಫಂಡಿಗೆ ಹೋಗುತ್ತೆ. ನನಗೆ ಗೊತ್ತಿರೋ ಯಾವ ದೇಣಿಗೆಯಲ್ಲೂ ಖರ್ಚು ಇಷ್ಟು ಕಮ್ಮಿ ಇಲ್ಲ. 1934ರಲ್ಲಿ ಬರಗಾಲ ಒಂದು ಕಡೆ, ಜೌಗು ಬಸಿದು ಹೊಲ ಮಾಡೋದು ಇನ್ನೊಂದು ಕಡೆ ಆಗಿ ನೀರುಹಕ್ಕಿಗಳು ವಿಪರೀತ ಕಮ್ಮಿ ಆದಾಗ ಶುರುವಾಗಿದ್ದು ಇದು, ಮೊದಲ ಸ್ಟ್ಯಾಂಪಿನ ಬೆಲೆ 1 ಡಾಲರ್, ಚಿತ್ರ ಬರೆದಿದ್ದು ಡಿಂಗ್ ಡಾರ್ಲಿಂಗ್ ಅನ್ನೋ ವ್ಯಂಗ್ಯಚಿತ್ರಕಾರ. ಅಲ್ಲಿಂದ ಇಲ್ಲಿ ತನಕ 110 ಕೋಟಿ ಡಾಲರಿಗೂ ಜಾಸ್ತಿ ಕೂಡಿದೆ, ಆ ದುಡ್ಡಿಂದ 60 ಲಕ್ಷ ಎಕರೆ ಜಾಗ ಉಳಿಸಿದಾರೆ.

ಈ 60 ಲಕ್ಷ ಎಕರೆ ಅಂದ ತಕ್ಷಣ ಎಲ್ಲಾನೂ ಸರ್ಕಾರ ಕೊಂಡು ಬೇಲಿ ಹಾಕಿದೆ ಅಂದ್ಕೋಬೇಡಿ, ನನಗೆ ತುಂಬಾ ಇಷ್ಟವಾಗಿದ್ದೇ ಈ ಭಾಗ. ಡಕೋಟಾ, ಮಿನ್ನೆಸೋಟ ಕಡೆ ಹೊಲದ ಮಧ್ಯ ಮಧ್ಯ ಚಿಕ್ಕ ಚಿಕ್ಕ ಗುಂಡಿಗಳಲ್ಲಿ ನೀರು ನಿಲ್ಲುತ್ತೆ, ಅಮೆರಿಕದ ಬಾತುಕೋಳಿಗಳು ಮರಿ ಮಾಡೋ ಮುಖ್ಯ ಜಾಗಗಳು ಅವು. 1958ರಲ್ಲಿ ಡಕ್ ಸ್ಟ್ಯಾಂಪ್ ಕಾಯ್ದೆ ತಿದ್ದಿದ ಮೇಲೆ ಅಂಥ ಸಣ್ಣ ಗುಂಡಿಗಳನ್ನೂ ಈ ದುಡ್ಡಲ್ಲಿ ಕಾಪಾಡೋಕೆ ದಾರಿ ಆಯ್ತು. ರೈತ ಒಪ್ಪಿದ್ರೆ ಮಾತ್ರ ಈಸ್‌ಮೆಂಟ್ ಅಂತ ಒಂದು ಕರಾರು, ಒಂದೇ ಸಲ ದುಡ್ಡು ಕೊಡ್ತಾರೆ, ಆ ಗುಂಡಿ ಬಸಿಯಂಗಿಲ್ಲ, ತುಂಬಂಗಿಲ್ಲ, ಸುಡಂಗಿಲ್ಲ. ಜಮೀನು ಅವನದ್ದೇ, ತೆರಿಗೆ ಕಟ್ಟೋದೂ ಅವನೇ, ಮಳೆ ಇಲ್ದೆ ತಾನಾಗೇ ಒಣಗಿದ ವರ್ಷ ಉಳುಮೆ ಮಾಡ್ಕೋಬಹುದು. ಯಾರನ್ನೂ ಒಕ್ಕಲೆಬ್ಬಿಸದೆ ಜೌಗು ಉಳಿಸೋದು ಅಂದ್ರೆ ಇದೇ! ಬೆಲೆ 15ರಿಂದ 25ಕ್ಕೆ ಏರಿಸಿದಾಗ ಆ ಹೆಚ್ಚಿನ 10 ಡಾಲರ್ ಇಂಥ ಕರಾರುಗಳಿಗೇ ಅಂತ ಕಾನೂನಲ್ಲೇ ಬರೆದ್ರು, ಹಂಗಾಗಿ ಆ ಏರಿಕೆ ಬಗ್ಗೆ ನನ್ನ ತಕರಾರು ಒಂಚೂರೂ ಇಲ್ಲ. ಎರಡು ದಶಕಕ್ಕಿಂತ ಜಾಸ್ತಿ 15ರಲ್ಲೇ ಇಟ್ಟಿದ್ದೇ ತಪ್ಪು, ಅಷ್ಟರಲ್ಲಿ ಜಮೀನಿನ ರೇಟ್ ಎಲ್ಲಿಗೋ ಹೋಗಿತ್ತು.

ಈಗ ಇದರಲ್ಲಿರೋ ಕೊರತೆ ಹೇಳ್ತೀನಿ. ಈ ಫಂಡು ಜಾಗ ಕೊಳ್ಳೋಕೆ, ಬಾಡಿಗೆಗೆ ತಗೊಳ್ಳೋಕೆ, ಕರಾರಿಗೆ ಅಷ್ಟೇ. ಆಮೇಲೆ ನೋಡ್ಕೊಳ್ಳೋದಕ್ಕಲ್ಲ. ಜೌಗು ಅಂದ್ರೆ ಕೊಂಡು ಹಂಗೇ ಬಿಟ್ರೆ ಉಳಿಯೋ ವಸ್ತು ಅಂತ ಬಹಳ ಜನ ತಿಳ್ಕೊಂಡಿದಾರೆ, ಆದ್ರೆ ಸುಮಾರು ರೆಫ್ಯೂಜ್‌ಗಳಲ್ಲಿ ವಸಂತದಲ್ಲಿ ತೂಬು ತೆಗೆದು ನೀರು ಇಳಿಸ್ಬೇಕು, ಆ ಹಸಿ ನೆಲದಲ್ಲಿ ಹುಲ್ಲು ಬೆಳೆದು ಬೀಜ ಕಟ್ಟಬೇಕು, ಚಳಿಗಾಲಕ್ಕೆ ಹಕ್ಕಿ ಬರೋಷ್ಟರಲ್ಲಿ ಮತ್ತೆ ನೀರು ತುಂಬಬೇಕು, ಪಂಪು ಕೆಟ್ರೆ ರಿಪೇರಿ, ಕಳೆ ಹಬ್ಬಿದ್ರೆ ಕೀಳ್ಬೇಕು, ಇದಕ್ಕೆಲ್ಲಾ ಸಂಬಳದ ಜನ ಬೇಕು ಮತ್ತೆ ಆ ದುಡ್ಡು ಕಾಂಗ್ರೆಸ್, ಅಂದ್ರೆ ಅಮೆರಿಕದ ಸಂಸತ್ತು, ವರ್ಷ ವರ್ಷ ಕೊಡೋ ಬಜೆಟ್ಟಿಂದ ಬರ್ಬೇಕು. ಬಜೆಟ್ ಇಳಿದ ವರ್ಷ ಕೆಲಸ ನಿಲ್ಲುತ್ತೆ.

ಆ ಸಂದು ತುಂಬ್ತಿರೋದು ಸುತ್ತಮುತ್ತಲ ಜನ ಕಟ್ಕೊಂಡಿರೋ ಫ್ರೆಂಡ್ಸ್ ಗ್ರೂಪ್‌ಗಳು. ಫ್ಲೋರಿಡಾದ ಸ್ಯಾನಿಬೆಲ್ ದ್ವೀಪದಲ್ಲಿ ಡಾರ್ಲಿಂಗ್ ಹೆಸರಲ್ಲೇ ರೆಫ್ಯೂಜ್ ಇದೆ, ಅಲ್ಲಿನ ವಿಸಿಟರ್ ಸೆಂಟರ್ ಕಟ್ಟಿದ್ದೇ ಅಂಥ ಗುಂಪು ಕೂಡಿಸಿದ ದೇಣಿಗೆಯಿಂದ, ಅಂಗಡಿ ಲಾಭಾನೂ ರೆಫ್ಯೂಜಿಗೇ ಹೋಗುತ್ತೆ. ಆದ್ರೆ ಇಂಥ ಗುಂಪು ಎಲ್ಲಾ ಕಡೆ ಒಂದೇ ಥರ ಇರಲ್ಲ. ಪ್ರವಾಸಿಗರು, ರಿಟೈರ್ ಆದೋರು ಇರೋ ಕಡೆ ಗಟ್ಟಿ, ಜನವೇ ಇಲ್ಲದ ಬಯಲಲ್ಲಿ ಯಾರಿಂದ ಕೂಡಿಸ್ತೀರಿ? ಸ್ಥಳೀಯರ ಮೇಲೆ ಪೂರ್ತಿ ಭಾರ ಹಾಕಿ ಸರ್ಕಾರ ಕೈ ತೊಳ್ಕೊಂಡ್ರೆ ಹಕ್ಕಿ ಜಾಸ್ತಿ ಇರೋ ಜಾಗಕ್ಕೇ ದುಡ್ಡು ಕಮ್ಮಿ ಆಗುತ್ತೆ. 1989ರ ನಾರ್ತ್ ಅಮೆರಿಕನ್ ವೆಟ್‌ಲ್ಯಾಂಡ್ಸ್ ಕಾಯ್ದೆ ಜೌಗು ಉಳಿಸೋ ಕೆಲಸಕ್ಕೆ ಅನುದಾನ ಕೊಡುತ್ತೆ, ಅದರ ಲೆಕ್ಕ ನನಗೆ ಸರಿ ಅನ್ಸುತ್ತೆ, ಸರ್ಕಾರದ ಒಂದು ಡಾಲರಿಗೆ ಪಾಲುದಾರರು ಕನಿಷ್ಠ ಒಂದು ಡಾಲರ್ ತರಬೇಕು, ಇಬ್ಬರೂ ಜವಾಬ್ದಾರರು. ನೋಡ್ಕೊಳ್ಳೋ ಖರ್ಚಿಗೂ ಹಿಂಗೇ ಒಂದು ಖಾಯಂ ಫಂಡ್ ಇದ್ದಿದ್ರೆ ಈ ಸ್ಟ್ಯಾಂಪಿಗೆ ಪೂರ್ತಿ 5 ಸ್ಟಾರ್ ಕೊಡ್ತಿದ್ದೆ, ಈಗ 4.

ಪೋಸ್ಟ್ ಆಫೀಸು, ರೆಫ್ಯೂಜ್, ಆನ್‌ಲೈನ್ ಎಲ್ಲಾ ಕಡೆ ಸಿಗುತ್ತೆ. ಜುಲೈಯಲ್ಲೇ ತಗೊಂಡ್ರೆ ಪೂರ್ತಿ ವರ್ಷ ಸಿಗುತ್ತೆ, ಮೇ ತಿಂಗಳಲ್ಲಿ ತಗೊಂಡ್ರೂ ಜೂನ್‌ಗೇ ಮುಗಿಯೋದು. ಮಕ್ಕಳು ಬರೆದ ಚಿತ್ರ ಇರೋ 5 ಡಾಲರಿನ ಜೂನಿಯರ್ ಸ್ಟ್ಯಾಂಪ್ ಬೇರೆ ಇದೆ. ತಗೊಂಡ ಮೇಲೆ ನಿಮಗೆ ಹತ್ತಿರ ಇರೋ ರೆಫ್ಯೂಜಲ್ಲಿ ಫ್ರೆಂಡ್ಸ್ ಗ್ರೂಪ್ ಇದ್ಯಾ ಅಂತ ಕೇಳಿ, ಇದ್ರೆ ಸೇರ್ಕೊಳ್ಳಿ.