ಕ್ಯಾವನ್ಸೈಟೋ, ಪೆಂಟಗೊನೈಟೋ? ವಾಘೋಲಿಯ ಎರಡು ನೀಲಿ ಖನಿಜಗಳು

ಎರಡರ ರಾಸಾಯನಿಕ ಸಂಯೋಜನೆಯೂ ಒಂದೇ: ಕ್ಯಾಲ್ಸಿಯಂ, ವೆನೇಡಿಯಂ, ಸಿಲಿಕಾನ್, ಆಮ್ಲಜನಕ, ನೀರು. ಪರಮಾಣುಗಳ ಜೋಡಣೆ ಮಾತ್ರ ಬೇರೆ. ನೀಲಿ ಬಣ್ಣ ಎರಡಕ್ಕೂ ವೆನೇಡಿಯಂ ಕೊಟ್ಟಿದ್ದು. ಅಮೆರಿಕದ ಒರೆಗಾನ್‌ನಲ್ಲಿ ಸಿಕ್ಕಿದ್ದ ಇವನ್ನು 1973ರಲ್ಲಿ ಹೊಸ ಖನಿಜಗಳೆಂದು ವಿವರಿಸಿದರು. ಆದರೂ ಸಂಗ್ರಾಹಕರು ಮುಗಿಬೀಳುವುದು ಪುಣೆ ಬಳಿಯ ವಾಘೋಲಿಯ ಕಲ್ಲು ಕ್ವಾರಿಗಳಿಂದ ಬಂದ ತುಣುಕುಗಳಿಗೇ. ನನ್ನ ಕಪಾಟಿನಲ್ಲಿರುವುವೂ ಅಲ್ಲಿಯವು.

ದೂರದಿಂದ ನೋಡಿದರೆ ಕ್ಯಾವನ್ಸೈಟ್‌ಗೆ ಸಾಟಿಯಿಲ್ಲ. ಸ್ಟಿಲ್ಬೈಟ್ ಎಂಬ ಇನ್ನೊಂದು ಖನಿಜದ ಬಿಳಿ ಹರಳುಗಳ ಹಾಸಿನ ಮೇಲೆ ಕಡಲೆಕಾಳಿನಷ್ಟು ದಪ್ಪದ ಕಡುನೀಲಿ ಉಂಡೆ ಕೂತಿರುತ್ತದೆ. ಮನೆಗೆ ಬಂದವರ ಕಣ್ಣು ಮೊದಲು ಅದರ ಮೇಲೇ ನೆಡುತ್ತದೆ. ಪೆಂಟಗೊನೈಟ್ ಅದರ ಪಕ್ಕದಲ್ಲಿ ಚೆದುರಿದ ನೀಲಿ ಮುಳ್ಳುಗಳಂತೆ ಕಾಣುತ್ತದೆ, ಅಷ್ಟೆ.

ಹತ್ತು ಪಟ್ಟು ಹಿಗ್ಗಿಸುವ ಮಸೂರ ಹಿಡಿದರೆ ಲೆಕ್ಕ ತಿರುಗುತ್ತದೆ. ಕ್ಯಾವನ್ಸೈಟ್ ಉಂಡೆಯಲ್ಲಿ ಸಣ್ಣ ಹರಳುಗಳು ಒತ್ತೊತ್ತಾಗಿ ಇರುವುದರಿಂದ ಒಂದನ್ನೂ ಬಿಡಿಯಾಗಿ ಕಾಣಲಾಗುವುದಿಲ್ಲ, ತುದಿಗಳ ಮಿನುಗಷ್ಟೇ ಸಿಗುತ್ತದೆ. ಪೆಂಟಗೊನೈಟ್‌ನಲ್ಲಿ ಒಂದೊಂದು ಕಡ್ಡಿಯೂ ಬೇರೆ ಬೇರೆ, ಅದರ ಮೈಯ ಮುಖಗಳೂ ಸ್ಪಷ್ಟ. ಐದು ಹರಳುಗಳು ಒಂದೇ ಅಕ್ಷದ ಸುತ್ತ ಬೆಸೆದುಕೊಂಡಿರುವ ಕಡ್ಡಿಯನ್ನು ತುದಿಯ ಕಡೆಯಿಂದ ನೋಡಿದರೆ ಐದು ಮೊನೆಯ ನಕ್ಷತ್ರ. ನಾನು ಮತ್ತೆ ಮತ್ತೆ ಹೊರತೆಗೆದು ನೋಡುವ ತುಣುಕು ಅದೇ.

ಎರಡೂ ಮೆದು: 1 ಅತಿ ಮೆದು, 10 ಅತಿ ಗಟ್ಟಿ ಎಂದು ಅಳೆಯುವ ಮೋಸ್ ಮಾಪಕದಲ್ಲಿ ಕಾಠಿಣ್ಯ 3ರಿಂದ 4. ಧೂಳು ತೆಗೆಯಲು ಕುಂಚ ತಾಗಿಸಲೇಬೇಡಿ, ಕ್ಯಾಮೆರಾ ಲೆನ್ಸ್‌ಗೆ ಬಳಸುವ ಗಾಳಿಬುರುಡೆ ಸಾಕು. ಒಂಟಿಯಾಗಿ ಚಾಚಿರುವ ಪೆಂಟಗೊನೈಟ್ ಕಡ್ಡಿ ಬೇಗ ಮುರಿಯುತ್ತದೆ, ಅದಕ್ಕೆ ಮುಚ್ಚಿದ ಡಬ್ಬಿಯೇ ಕ್ಷೇಮ.

ಮೋಸ ಎರಡರಲ್ಲೂ ಉಂಟು, ಬಗೆ ಬೇರೆ. ಉದುರಿದ ಕ್ಯಾವನ್ಸೈಟ್ ಉಂಡೆಯನ್ನು ಬೇರೆ ಸ್ಟಿಲ್ಬೈಟ್‌ಗೆ ಅಂಟಿಸಿ ಮಾರುವುದುಂಟು. ಬುಡದಲ್ಲಿ ಹೊಳೆಯುವ ಅಂಟಿನ ಅಂಚು ಇದೆಯೇ ನೋಡಿ. ಕೆಲವು ಅಂಟುಗಳು ನೇರಳಾತೀತ ಟಾರ್ಚ್‌ ಬೆಳಕಿನಲ್ಲಿ ಹೊಳೆದು ಸಿಕ್ಕಿಬೀಳುತ್ತವೆ. ಪೆಂಟಗೊನೈಟ್ ಹೆಚ್ಚು ಅಪರೂಪ, ಬೆಲೆಯೂ ಹೆಚ್ಚು. ಹಾಗಾಗಿ ಮೊನಚಾದ ಕ್ಯಾವನ್ಸೈಟ್‌ಗೇ ಅದರ ಚೀಟಿ ಹಚ್ಚುತ್ತಾರೆ.

ಒಂದನ್ನೇ ಕೊಳ್ಳುವುದಾದರೆ ಸ್ಟಿಲ್ಬೈಟ್ ಮೇಲಿನ ಕ್ಯಾವನ್ಸೈಟ್ ಕೊಳ್ಳಿ. ಪೆಂಟಗೊನೈಟ್‌ನ ಬೆಲೆ ತೆರುವ ಮುನ್ನ ತುದಿಯ ನೇರ ಚಿತ್ರ ಕೇಳಿ ಪಡೆಯಿರಿ. ನಕ್ಷತ್ರ ಕಂಡರೆ ಮಾತ್ರ ಆ ಹಣಕ್ಕೆ ಅದು ತಕ್ಕದ್ದು ಎಂಬುದು ನನ್ನ ಅಭಿಪ್ರಾಯ.