ಕಾರ್ವೆಟ್ಟಿನ ಕಣ್ಣು: ಹಳೇ ವ್ಯಾಕ್ಯೂಮೋ, ಹೊಸ ಮೋಟಾರೋ?

ಮೊದಲೇ ಹೇಳಿಬಿಡುತ್ತೇನೆ, ನಾನು ವ್ಯಾಕ್ಯೂಮ್ ಪಾರ್ಟಿ. ನನ್ನ 1974ರ ಕಾರ್ವೆಟ್ ಶೆವ್ರೊಲೆ ಕಂಪನಿಯ ಸ್ಪೋರ್ಟ್ಸ್ ಕಾರು, ಅದರ ದೀಪಗಳು ಬೇಡದಾಗ ಮೂತಿಯೊಳಗೆ ಮಲಗಿರುತ್ತವೆ, ಬೇಕಾದಾಗ ಮೇಲೇಳುತ್ತವೆ. ಆ ಹೆಡ್‌ಲೈಟು ಸರಿಯಾಗಿ ಮೇಲೇಳಲಿ ಅಂತ ಎರಡು ವರ್ಷದಲ್ಲಿ ಮೂರು ದಾರಿ ನೋಡಿದ್ದೇನೆ. ಒಂದು, ಕಾರ್ಖಾನೆಯಿಂದ ಬಂದ, ಗಾಳಿಯ ಎಳೆತದಿಂದ ದೀಪ ಎತ್ತುವ ವ್ಯಾಕ್ಯೂಮ್ ವ್ಯವಸ್ಥೆಯಲ್ಲೇ ಲೀಕ್ ಹುಡುಕಿ ಸರಿಮಾಡುವುದು. ಎರಡು, ಅದಕ್ಕೊಂದು ಎಲೆಕ್ಟ್ರಿಕ್ ವ್ಯಾಕ್ಯೂಮ್ ಪಂಪ್ ಸಿಕ್ಕಿಸುವುದು. ಮೂರು, ಎಲ್ಲ ಕಿತ್ತು ಮೋಟಾರ್ ಕಿಟ್ ಹಾಕುವುದು. ಮೂರನೆಯದು ನಡೆದದ್ದು ಭಾವಮೈದುನನ 1979ರ ಕಾರಿನ ಮೇಲೆ. ಆದರೆ ಸ್ಪ್ಯಾನರ್ ಹಿಡಿದದ್ದು ನಾನು, ಬೆರಳು ಕೊಯ್ದುಕೊಂಡದ್ದೂ ನಾನೇ.

ನಾವಿರುವುದು ಮಿಶಿಗನ್ನಿನ ಟ್ರಾಯ್‌ನಲ್ಲಿ. ಹತ್ತಿರದ ವುಡ್‌ವರ್ಡ್ ಅವೆನ್ಯೂನಲ್ಲಿ ಪ್ರತಿ ಆಗಸ್ಟಿನ ಮೂರನೇ ಶನಿವಾರ ಹಳೇ ಕಾರುಗಳ ದೊಡ್ಡ ಮೆರವಣಿಗೆ, 1995ರಿಂದ ನಡೆಯುತ್ತಿರುವ ಜಾತ್ರೆ. ಕಾರು ಕೊಂಡ ಮೊದಲ ವರ್ಷ ನಾನೂ ಹೋಗಿದ್ದೆ. ಕತ್ತಲಾಗುತ್ತಿದ್ದಂತೆ ಲೈಟಿನ ಗುಂಡಿ ಎಳೆದರೆ ಬಲಗಣ್ಣು ಎದ್ದಿತು, ಎಡಗಣ್ಣು ಅರ್ಧಕ್ಕೆ ನಿಂತಿತು. ನಿದ್ದೆಗಣ್ಣಿನಲ್ಲಿ ಬಾಗಿಲು ತೆಗೆದ ಅಜ್ಜನ ಹಾಗೆ. ರಸ್ತೆಬದಿಯ ಕುರ್ಚಿಗಳಲ್ಲಿ ಕೂತಿದ್ದವರೆಲ್ಲ ನಕ್ಕರು. ಇಳಿದು ಹೋಗಿ ಕೈಯಲ್ಲೇ ಎತ್ತಿ ನಿಲ್ಲಿಸಿ ಮನೆಗೆ ಬಂದೆ. ಮರುವಾರ ಒಂದು ಗ್ಯಾರೇಜಿಗೆ ಒಯ್ದರೆ ಬಾನೆಟ್ ಕೂಡ ಎತ್ತದೆ ಹೇಳಿದರು: "ಇದೆಲ್ಲ ಕಿತ್ತುಹಾಕಿ, ಮೋಟಾರ್ ಹಾಕಿಸಿ." ಬಾನೆಟ್ ಎತ್ತಿ ನೋಡಿದ್ದರೆ ಬಹುಶಃ ನಾನೂ ಒಪ್ಪುತ್ತಿದ್ದೆ.

ಈ ಕಾರಿನ ಹೆಡ್‌ಲೈಟು ಏಳುವುದು ಎಂಜಿನ್ನಿನ ಉಸಿರಿನಿಂದ. ಎಂಜಿನ್ ಗಾಳಿ ಒಳಗೆಳೆಯುವಾಗ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ಹುಟ್ಟುವ ಎಳೆತವನ್ನು ಒಂದು ಟ್ಯಾಂಕಿನಲ್ಲಿ ಕೂಡಿಟ್ಟುಕೊಂಡು, ರಬ್ಬರ್ ಹೋಸುಗಳ ಮೂಲಕ ಎರಡೂ ದೀಪಗಳ ಹಿಂದಿನ ಆಕ್ಚುಯೇಟರುಗಳಿಗೆ ಕಳಿಸುತ್ತಾರೆ. ಆಕ್ಚುಯೇಟರ್ ಅಂದರೆ ತಗಡಿನ ಡಬ್ಬಿ. ನಡುವೆ ರಬ್ಬರ್ ಡಯಾಫ್ರಮ್, ಅದಕ್ಕೆ ಅಂಟಿದ ಒಂದು ಕಬ್ಬಿಣದ ಸರಳು. ಡಯಾಫ್ರಮ್ಮಿನ ಈ ಬದಿ ಎಳೆದರೆ ಸರಳು ಹೊರಗೆ, ಆ ಬದಿ ಎಳೆದರೆ ಒಳಗೆ. ಯಾವ ಬದಿ ಎಳೆಯಬೇಕು ಅಂತ ತೀರ್ಮಾನಿಸಲು ದೀಪಕ್ಕೊಂದು ರಿಲೇ, ಆ ರಿಲೇಗೆ ಹೇಳಲು ಡ್ಯಾಶ್‌ಬೋರ್ಡಿನ ಸ್ವಿಚ್, ಸಾಲದ್ದಕ್ಕೆ ಸ್ಟೇರಿಂಗ್ ಕೆಳಗೊಂದು ಓವರ್‌ರೈಡ್ ಸ್ವಿಚ್. ಎಳನೀರಿನ ಸ್ಟ್ರಾದಲ್ಲಿ ಸೂಜಿಮೊನೆಯಷ್ಟು ಬಿರುಕಿದ್ದರೆ ಎಷ್ಟು ಎಳೆದರೂ ಬಾಯಿಗೆ ಬರೀ ಗಾಳಿ ಬರುತ್ತದಲ್ಲ, ಇಲ್ಲಿನ ರೋಗಗಳೆಲ್ಲ ಹೆಚ್ಚುಕಡಿಮೆ ಅದೇ. ಸ್ಟ್ರಾ ಮಾತ್ರ ಐವತ್ತು ವರ್ಷ ಹಳೆಯದು, ಅಲ್ಲಲ್ಲಿ ಕವಲೊಡೆದದ್ದು.

ತಮಾಷೆಯೆಂದರೆ ಇದಕ್ಕಿಂತ ಹಿಂದಿನ ಕಾರ್ವೆಟ್ಟಿಗೆ, 1963ರಿಂದ 67ರವರೆಗಿನದಕ್ಕೆ, ಮೋಟಾರೇ ಇತ್ತು. 1968ರಲ್ಲಿ ವ್ಯಾಕ್ಯೂಮಿಗೆ ಹೋದರು, 1982ರವರೆಗೆ ಬಿಡಲಿಲ್ಲ, 1984ರ ಮಾದರಿಯಲ್ಲಿ ಮತ್ತೆ ಮೋಟಾರಿಗೇ ಮರಳಿದರು. ಭಾವಮೈದುನ ಇದನ್ನೇ ಹಿಡಿದು ನನ್ನ ಕಾಲೆಳೆಯುತ್ತಾನೆ: "ಕಂಪನಿಯವರೇ ಬಿಟ್ಟಿದ್ದನ್ನ ನೀವ್ಯಾಕೆ ಹಿಡ್ಕೊಂಡಿದ್ದೀರಿ ಭಾವ?"

ಹಿಡಿದುಕೊಂಡದ್ದಕ್ಕೆ ಮೊದಲ ಕಾರಣ ದುಡ್ಡು. ಗೇಜ್ ಇರುವ ಒಂದು ಕೈಪಂಪಿಗೆ ನಲವತ್ತು ಡಾಲರ್ ಕೊಟ್ಟೆ, ಒಂದು ಪೊಟ್ಟಣ ಗಾಲ್ಫ್ ಟೀಗೆ (ಗಾಲ್ಫ್ ಚೆಂಡು ಇಡುವ ಪುಟ್ಟ ಗೂಟ) ಮೂರು. ಗಾಲ್ಫ್ ಟೀ ಯಾಕೆಂದರೆ ಈ ಹೋಸುಗಳ ಬಾಯಿಗೆ ಅದು ಬಿರಡೆಯಂತೆ ಕೂರುತ್ತದೆ. ಇಲ್ಲಿನ ಕಾರ್ವೆಟ್ ಮಂದಿಗೆಲ್ಲ ಗೊತ್ತಿರುವ ಉಪಾಯ ಇದು. ಎಂಜಿನ್ನಿಗೆ ಹೋಗುವ ಮುಖ್ಯ ಹೋಸನ್ನು ಬಿಚ್ಚಿ ಕೈಪಂಪು ಹಾಕಿ, ಹದಿನೈದು ಇಂಚು (ವ್ಯಾಕ್ಯೂಮ್ ಅಳೆಯುವುದು ಪಾದರಸದ ಇಂಚಿನಲ್ಲಿ) ಎಳೆದು, ಗೇಜಿನ ಮುಳ್ಳು ಇಳಿಯುತ್ತದಾ ನೋಡಬೇಕು. ಇಳಿದರೆ ಒಂದೊಂದೇ ಕವಲಿಗೆ ಟೀ ಜಡಿಯುತ್ತ ಹೋಗಬೇಕು. ಯಾವ ಕವಲು ಮುಚ್ಚಿದಾಗ ಮುಳ್ಳು ನಿಂತಿತೋ ತೂತು ಅದರಾಚೆ. ನಮ್ಮೂರ ಸೈಕಲ್ ಶಾಪಿನಲ್ಲಿ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಿದ್ದರು. ಇಲ್ಲಿ ಆ ಸುಖವಿಲ್ಲ. ಗಾಳಿ ಹೊರಗೆ ಬರುವ ಬದಲು ಒಳಗೆ ಹೋಗುತ್ತದೆ, ಗುಳ್ಳೆ ಏಳುವುದೇ ಇಲ್ಲ.

ಅರ್ಧ ದಿನದಲ್ಲಿ ಕಳ್ಳ ಸಿಕ್ಕ, ಎಡಬದಿಯ ಆಕ್ಚುಯೇಟರ್. ಹಿಂದಿನ ಕೋಣೆ ಸರಿಯಿತ್ತು, ಸರಳು ಹೊರಬರುವ ಮುಂದಿನ ಕೋಣೆ ಸೋರುತ್ತಿತ್ತು. ಸರಳಿನ ಬಾಯಲ್ಲಿರುವ ರಬ್ಬರ್ ಸೀಲ್ ಹೋಗಿದೆ ಅಂದುಕೊಂಡು ಬಿಚ್ಚಿ, ಹೊಸ ಸೀಲ್ ಹಾಕಿ, ಬೆಂಚಿನ ಮೇಲಿಟ್ಟು ಪಂಪು ಹೊಡೆದೆ. ಹದಿನೈದು ಇಂಚು. ಕಾಫಿ ಕುಡಿದು ಬಂದೆ, ಇನ್ನೂ ಹದಿನೈದು. ಖುಷಿಯಿಂದ ಕಾರಿಗೆ ಹಾಕಿದೆ. ಸೋರಿತು.

ಇಲ್ಲಿಂದ ಮೂರು ವಾರಾಂತ್ಯ ಹಾಳು. ಡಬ್ಬಿ ಬೆಂಚಿನಲ್ಲಿ ಪಾಸಾಗಿದೆ, ಹಾಗಾದರೆ ಹೋಸೇ ಇರಬೇಕು ಅಂತ ಎಂಬತ್ತು ಡಾಲರಿನ ಪೂರ್ತಿ ಹೋಸ್ ಸೆಟ್ ತರಿಸಿದೆ. ಬಣ್ಣದ ಗೆರೆಗಳಿರುವ ಆ ಹೋಸುಗಳನ್ನು ಒಂದೊಂದಾಗಿ ಬದಲಾಯಿಸುವಾಗ ಮೊಣಕೈ ತರಚಿಹೋಯಿತು. ಫೈಬರ್‌ಗ್ಲಾಸ್ ಮೈಯ ಕಾರು ಬೇರೆ, ಅಂಚಿಗೆ ತಾಗಿದರೆ ಮುಳ್ಳು ಕೂರುತ್ತದೆ. ಮತ್ತೆ ಸೋರಿತು. ರಿಲೇ ಇರಬಹುದೆಂದು ಎಡಬಲ ಅದಲುಬದಲು ಮಾಡಿದೆ. ಸೋರಿಕೆ ಎಡಕ್ಕೇ ಅಂಟಿಕೊಂಡಿತ್ತು. ಡಬ್ಬಿ ಬಿಚ್ಚಿ ಮತ್ತೆ ಬೆಂಚಿಗೆ ಒಯ್ದೆ. ಪಾಸು! ಕಾರಿಗೆ ಹಾಕಿದರೆ ಫೇಲು. ಮನೆಯಲ್ಲಿ ಲೆಕ್ಕ ಸರಿಮಾಡಿ ಪರೀಕ್ಷೆಯಲ್ಲಿ ತಪ್ಪುವ ಹುಡುಗನ ಕಥೆ.

ನಾಲ್ಕನೇ ಸಲ ಬೆಂಚಿನ ಮೇಲಿಟ್ಟಾಗ ಹೊಳೆಯಿತು. ಬೆಂಚಿನಲ್ಲಿ ಸರಳಿಗೆ ಏನೂ ಕಟ್ಟಿಲ್ಲ, ಹಾಗಾಗಿ ಪಂಪು ಹೊಡೆದಾಗ ಅದು ಪೂರ್ತಿ ಹೊರಗೆ ಚಾಚಿ ನಿಲ್ಲುತ್ತದೆ. ಕಾರಿನಲ್ಲಿ ದೀಪದ ಕೀಲುಗಳು ತಡೆಯುವುದರಿಂದ ಒಂದು ಬೆರಳು ಮೊದಲೇ ನಿಲ್ಲುತ್ತದೆ. ಅಂದರೆ ಸೀಲ್ ಕಚ್ಚುವುದು ಸರಳಿನ ಬೇರೆ ಜಾಗವನ್ನು. ಒಂದು ಮರದ ತುಂಡು ಅಡ್ಡ ಕೊಟ್ಟು, ಕಾರಿನಲ್ಲಿ ನಿಲ್ಲುವಲ್ಲೇ ಸರಳನ್ನು ನಿಲ್ಲಿಸಿ ಪಂಪು ಹೊಡೆದೆ. ಸುಯ್ ಎಂದಿತು. ಬಟ್ಟೆಯಲ್ಲಿ ಒರೆಸಿ ಬೆಳಕಿಗೆ ಹಿಡಿದರೆ ಸರಳಿನ ಸುತ್ತ ಅಷ್ಟೇ ಜಾಗದಲ್ಲಿ ತುಕ್ಕು ತಿಂದ ಸಣ್ಣ ಸಣ್ಣ ಕುಳಿ. ಐವತ್ತು ವರ್ಷ ಹಳೇ ಸೀಲ್ ತೇವ ಹಿಡಿದುಕೊಂಡು ಕೂತಿದ್ದ ಜಾಗ ಅದೇ ಇರಬೇಕು. ಹೊಸ ಸೀಲ್ ಎಷ್ಟೇ ಒಳ್ಳೆಯದಿದ್ದರೂ ಕುಳಿಯ ಮೇಲೆ ಕೂತರೆ ಏನು ಮಾಡೀತು? ಎಮರಿ ಪೇಪರಿನಲ್ಲಿ ಉಜ್ಜಿದೆ, ಪ್ರಯೋಜನವಾಗಲಿಲ್ಲ. ತೊಂಬತ್ತು ಡಾಲರ್ ಕೊಟ್ಟು ಹೊಸ ಆಕ್ಚುಯೇಟರ್ ಹಾಕಿದೆ. ಅವತ್ತಿಗೆ ಕೆಲಸ ಮುಗಿಯಿತು. ಹೋಸ್ ಸೆಟ್ಟಿನ ಎಂಬತ್ತು ಡಾಲರ್ ದಂಡ, ಆದರೂ ಐವತ್ತು ವರ್ಷದ ರಬ್ಬರ್ ಹೋಯಿತಲ್ಲ ಅಂತ ಸಮಾಧಾನ. ನಿಮ್ಮ ಕಾರಿನಲ್ಲೂ ಬೆಂಚು ಒಂದು ಹೇಳಿ ಕಾರು ಇನ್ನೊಂದು ಹೇಳಿದರೆ, ದಯವಿಟ್ಟು ಮೊದಲು ಸರಳನ್ನು ನೋಡಿ.

ಕೆಲಸ ಮುಗಿಯುವ ಮೊದಲು, ಎರಡನೇ ವಾರಾಂತ್ಯದ ಹತಾಶೆಯಲ್ಲಿ, ಎಲೆಕ್ಟ್ರಿಕ್ ವ್ಯಾಕ್ಯೂಮ್ ಪಂಪನ್ನೂ ನೋಡಿಬಿಟ್ಟೆ. ಲೀಕ್ ಇದ್ದರೆ ಇರಲಿ, ಎಳೆತ ಜಾಸ್ತಿ ಮಾಡೋಣ ಎಂಬ ಬುದ್ಧಿ. ದೀಪಗಳೇನೋ ಎದ್ದವು. ಆದರೆ ಸೋರುವ ಕೊಡಕ್ಕೆ ನೀರು ಹೊಯ್ದಂತೆ ಪಂಪು ನಿಲ್ಲುವುದೇ ಇಲ್ಲ, ಮೂತಿಯೊಳಗೆ ಯಾರೋ ಮಿಕ್ಸಿಯಲ್ಲಿ ಚಟ್ನಿ ರುಬ್ಬುತ್ತಿರುವ ಸದ್ದು. ಒಂದು ಒಳ್ಳೆಯ ಮಾತು ಹೇಳಲೇಬೇಕು. ಈ ಹೋಸುಗಳನ್ನು ಮ್ಯಾನಿಫೋಲ್ಡಿನಿಂದ ಬಿಡಿಸಿದ ಮೇಲೆ ಎಂಜಿನ್ ಐಡಲ್‌ನಲ್ಲಿ (ಕಾರು ನಿಂತು ಎಂಜಿನ್ ಸುಮ್ಮನೆ ಓಡುವಾಗ) ಕೆಮ್ಮುವುದು ನಿಂತಿತು. ಅಲ್ಲಿಯವರೆಗೆ ಕಾರ್ಬ್ಯುರೇಟರಿನ ತಪ್ಪೆಂದು ತಿಳಿದಿದ್ದೆ. ದೀಪದ ಲೀಕಿನಿಂದ ನುಗ್ಗುತ್ತಿದ್ದ ಗಾಳಿ ಎಂಜಿನ್ನಿನ ಪೆಟ್ರೋಲ್-ಗಾಳಿ ಹದವನ್ನೇ ಕೆಡಿಸುತ್ತಿತ್ತು. ಕ್ಯಾಮ್ (ಎಂಜಿನ್ನಿನ ವಾಲ್ವುಗಳನ್ನು ತೆರೆಯುವ ದಂಡ) ಬದಲಾಯಿಸಿ ಐಡಲ್‌ನಲ್ಲಿ ಎಳೆತವೇ ಕಡಿಮೆ ಇರುವ ಎಂಜಿನ್ನಿಗೆ ಈ ಪಂಪು ಬೇಕಾಗಬಹುದು. ನನ್ನ 350 ಘನ ಇಂಚಿನ ಎಂಜಿನ್ ಕಾರ್ಖಾನೆ ಕೊಟ್ಟ ಹಾಗೇ ಇದೆ, ಐಡಲ್‌ನಲ್ಲಿ ಹದಿನೆಂಟು ಇಂಚು ತೋರಿಸುತ್ತದೆ. ಪಂಪು ಕಿತ್ತು ಮಾರಿದೆ.

ಇನ್ನು ಮೋಟಾರ್ ಕಿಟ್. ಏಳುನೂರು ಡಾಲರಿಗಿಂತ ಸ್ವಲ್ಪ ಮೇಲೆ, ಭಾವಮೈದುನನ ಜೇಬಿನಿಂದ. ಒಂದು ಶನಿವಾರದ ಕೆಲಸ ಅಂತ ಶುರುಮಾಡಿದ್ದು ಭಾನುವಾರ ರಾತ್ರಿಗೆ ಮುಗಿಯಿತು. ಈ ಕಾರಿನ ಬ್ಯಾಟರಿ ಇರುವುದು ಸೀಟಿನ ಹಿಂದೆ, ಮೋಟಾರು ಕೂರುವುದು ಮೂತಿಯಲ್ಲಿ. ಅಲ್ಲಿಂದ ಇಲ್ಲಿಗೆ ನಾವು ದಪ್ಪ ವೈರ್ ಎಳೆದೆವು. ಮೈ ಫೈಬರ್‌ಗ್ಲಾಸ್ ಆದ್ದರಿಂದ ಅದಕ್ಕೆ ಸ್ಕ್ರೂ ಹೊಡೆದರೆ ಅರ್ತ್ ಸಿಗುವುದಿಲ್ಲ. ಅದನ್ನು ಮರೆತು ಒಂದು ಗಂಟೆ ಕಳೆದೆವು. ಚಾಸಿಗೆ ಅರ್ತ್ ಕೊಟ್ಟ ಮೇಲೆ ಎರಡೂ ದೀಪ ಪಟ್ ಅಂತ ಒಟ್ಟಿಗೆ ಎದ್ದವು, ಒಂದೇ ಸೆಕೆಂಡು. ಎಂಜಿನ್ ಆಫ್ ಇದ್ದರೂ ಏಳುತ್ತವೆ, ವಾರ ನಿಲ್ಲಿಸಿಟ್ಟರೂ ಏಳುತ್ತವೆ. ಒಂದೂವರೆ ವರ್ಷವಾಯಿತು, ಒಂದು ದಿನವೂ ಕೈಕೊಟ್ಟಿಲ್ಲ. ಇದರಲ್ಲಿ ನಾನು ಕೊಂಕು ತೆಗೆಯುವಂಥದ್ದು ಏನೂ ಇಲ್ಲ, ಆ 'ಝುಯ್' ಸದ್ದೊಂದು ಬಿಟ್ಟು.

ಆ ಸದ್ದೇ ನನಗಾಗದು. ವ್ಯಾಕ್ಯೂಮಿನಲ್ಲಿ ದೀಪ ಏಳುವಾಗ ಸಣ್ಣ ಉಸಿರು ಕೇಳುತ್ತದೆ, ಒಂದು ಕಣ್ಣು ಮುಂದೆ, ಇನ್ನೊಂದು ತುಸು ಹಿಂದೆ. ಬ್ರಿಟಿಷರ ಹಳೇ ಲೋಟಸ್ ಎಲಾನ್ ಕಾರು ಇನ್ನೂ ಚೆಂದ, ಅದರ ಚಾಸಿಯ ಮುಂದಿನ ಅಡ್ಡತೊಲೆಯೇ ವ್ಯಾಕ್ಯೂಮ್ ಟ್ಯಾಂಕು. ಅಲ್ಲಿ ತುಕ್ಕು ಹಿಡಿದರೆ ಚಾಸಿಯೂ ಹೋಯಿತು, ಕಣ್ಣೂ ಹೋಯಿತು. ಅದನ್ನು ನೋಡಿದ ಮೇಲೆ ನನ್ನ ಕಾರಿನ ಬಗ್ಗೆ ದೂರುವ ಮನಸ್ಸಾಗುವುದಿಲ್ಲ.

ಯಾರಿಗೆ ಯಾವುದು ಅಂದರೆ, ಭಾವಮೈದುನ ರಾತ್ರಿ ಪಾಳಿಯವನು. ಬೇಸಿಗೆಯಲ್ಲಿ ಆ ಕಾರಿನಲ್ಲೇ ಕೆಲಸಕ್ಕೆ ಹೋಗುತ್ತಾನೆ, ಸ್ಪ್ಯಾನರ್ ಕಂಡರೆ ದೂರ ಓಡುತ್ತಾನೆ. ಅವನಿಗೆ ಮೋಟಾರೇ ಸರಿ, ನಾನೇ ಹಾಕಿಕೊಟ್ಟಿದ್ದೇನೆ. ನನ್ನದು ವರ್ಷಕ್ಕೆ ಸಾವಿರ ಮೈಲಿ ದಾಟಿದರೆ ಹೆಚ್ಚು. ಹಿಮ ಕರಗಿಸಲು ರಸ್ತೆಗೆ ಉಪ್ಪು ಬಿದ್ದ ದಿನದಿಂದ ಏಪ್ರಿಲ್‌ವರೆಗೆ ಕಾರು ಹೊದಿಕೆಯೊಳಗೆ. ರಾತ್ರಿ ಓಡಿಸುವುದು ವರ್ಷಕ್ಕೆ ಐದಾರು ಸಲ. ಒಟ್ಟು ಖರ್ಚು ಇನ್ನೂರ ಹದಿಮೂರು ಡಾಲರ್ (ಪಂಪು ಮಾರಿದ ನಷ್ಟ ಬಿಟ್ಟು, ಅದನ್ನು ಮನೆಯಲ್ಲಿ ಹೇಳಿಲ್ಲ). ಗ್ಯಾರೇಜಿನಲ್ಲಿ ಮಂಡಿಯೂರಿ ಕೂತು ಹೋಸು ಹಿಂಡುವುದು ನನಗೆ ಭಾನುವಾರದ ಹವ್ಯಾಸ. ನಿಮಗೂ ಹಾಗಿದ್ದರೆ ಮೊದಲು ನಲವತ್ತು ಡಾಲರಿನ ಕೈಪಂಪು ಕೊಳ್ಳಿ. ಮೋಟಾರ್ ಕಿಟ್ಟಿನ ಅಂಗಡಿ ಎಲ್ಲಿಗೂ ಓಡಿಹೋಗುವುದಿಲ್ಲ.

ಹೋದ ಆಗಸ್ಟಿನಲ್ಲಿ ವುಡ್‌ವರ್ಡ್‌ನಲ್ಲಿ ಎರಡು ಕಾರನ್ನೂ ಅಕ್ಕಪಕ್ಕ ನಿಲ್ಲಿಸಿ ಒಟ್ಟಿಗೆ ಗುಂಡಿ ಎಳೆದೆವು. ಅವನದು ಮೊದಲು ಎದ್ದಿತು, ನನ್ನದು ನಿಧಾನಕ್ಕೆ. ಮಕ್ಕಳು ಮಾತ್ರ ನನ್ನ ಕಾರಿನ ಮುಂದೆ ಬಂದು ನಿಂತು "ಇನ್ನೊಂದ್ಸಲ, ಇನ್ನೊಂದ್ಸಲ" ಅಂದರು.

ಅಂದ ಹಾಗೆ, ಬಳಸಿದ ಎಂಟು ಗಾಲ್ಫ್ ಟೀಗಳಲ್ಲಿ ಏಳು ವಾಪಸ್ ಸಿಕ್ಕಿವೆ. ಎಂಟನೆಯದು ಬಾನೆಟ್ಟಿನೊಳಗೆ ಎಲ್ಲೋ ಇದೆ, ಗುಂಡಿ ಬಿದ್ದ ರಸ್ತೆಯಲ್ಲಿ ಕಟಕಟ ಅನ್ನುತ್ತದೆ.